ಸೋಮವಾರದ ಹೊಟ್ಟೆನೋವು



ಸೋಮವಾರ ಬೆಳಿಗ್ಗೆ ಎಂಟು ಗಂಟೆ ಎಂದರೆ ನಮ್ಮೆಲ್ಲರ ಮನೆಯಲ್ಲೂ ಒಂದೇ ಚಿತ್ರ. ಒಲೆಯ ಮೇಲೆ ಒಂದು ಕಡೆ ಉಪ್ಪಿಟ್ಟು, ಇನ್ನೊಂದು ಕಡೆ ಡಬ್ಬಿಯ ಚಿತ್ರಾನ್ನಕ್ಕೆ ಒಗ್ಗರಣೆ. ಯಜಮಾನರಿಗೆ ಕರ್ಚೀಫು ಸಿಕ್ಕಿಲ್ಲ, ಅತ್ತೆಯವರಿಗೆ ಮಾತ್ರೆ ಕೊಟ್ಟಾಗಿಲ್ಲ, ನಲ್ಲಿಯಲ್ಲಿ ನೀರು ನಿಂತುಹೋಗುವ ಹೊತ್ತು. ಅಷ್ಟರಲ್ಲಿ ಒಂದು ಸಣ್ಣ ದನಿ: "ಅಮ್ಮಾ, ಹೊಟ್ಟೆ ನೋಯ್ತಿದೆ. ಇವತ್ತು ಸ್ಕೂಲಿಗೆ ಹೋಗಲ್ಲ." ಆಗ ನಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು ಹೇಳಿ? "ಶುರುವಾಯ್ತು ನೋಡು ನಾಟಕ!" ನಾನೂ ಹಾಗೇ ಅಂದವಳೇ. ಆದ್ದರಿಂದ ಇವತ್ತಿನ ಮಾತನ್ನು ನಿಮಗೆ ಬುದ್ಧಿ ಹೇಳುವವಳಾಗಿ ಅಲ್ಲ, ತಪ್ಪು ಮಾಡಿ ತಿದ್ದಿಕೊಂಡವಳಾಗಿ ಬರೆಯುತ್ತಿದ್ದೇನೆ.

ಹೋದ ತಿಂಗಳು ತಾಲ್ಲೂಕು ಕೇಂದ್ರವೊಂದರಿಂದ ಒಬ್ಬ ಸೋದರಿ ಕಾಗದ ಬರೆದಿದ್ದರು. ಅವರ ಮಗನಿಗೆ ಒಂಬತ್ತು ವರ್ಷ. ದಸರಾ ರಜೆ ಮುಗಿದಾಗಿನಿಂದ ಆಗಾಗ ಹೊಟ್ಟೆನೋವು. ಹೊಕ್ಕುಳ ಸುತ್ತ ಕೈಯಿಟ್ಟು ತೋರಿಸುತ್ತಾನೆ. ಮೂರು ಜನ ಡಾಕ್ಟರಿಗೆ ತೋರಿಸಿದರು. ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲಾ ಆಯಿತು. ಎಲ್ಲವೂ ಸರಿಯಾಗಿದೆ ಎಂದು ಬಂತು. ಅತ್ತೆಯವರು ದೃಷ್ಟಿ ಅಂದರು, ಉಪ್ಪು-ಮೆಣಸಿನಕಾಯಿ ನಿವಾಳಿಸಿದರು. ಯಜಮಾನರು, "ಎರಡು ಬಿಗಿದರೆ ಎಲ್ಲಾ ಸರಿಹೋಗತ್ತೆ" ಅಂದರು. ಈ ತಾಯಿ ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕಾ, ರಿಪೋರ್ಟಿನಲ್ಲಿ ಏನೂ ಇಲ್ಲ. ಹಾಗಾದರೆ ನನ್ನ ಮಗ ಸುಳ್ಳು ಹೇಳುತ್ತಿದ್ದಾನೆಯೇ?"

ಇಲ್ಲ ತಂಗಿ. ಬಹುಪಾಲು ಇಂಥ ಮಕ್ಕಳು ಸುಳ್ಳು ಹೇಳುವುದಿಲ್ಲ. ನೋವು ನಿಜವಾಗಿಯೂ ಇರುತ್ತದೆ. ಅದು ಹುಟ್ಟಿದ ಜಾಗ ಮಾತ್ರ ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ.

ನನ್ನ ಮನೆಯ ಕಥೆ

ನನ್ನ ಮಗಳು ಏಳನೇ ತರಗತಿವರೆಗೆ ಮನೆಯ ಹಿಂದಿನ ಬೀದಿಯ ಕನ್ನಡ ಶಾಲೆಯಲ್ಲಿ ಓದಿದಳು. ಓದಿನಲ್ಲಿ ಮುಂದೆ, ಮಾತಿನಲ್ಲಂತೂ ಇನ್ನೂ ಮುಂದೆ. ಎಂಟನೆಯದಕ್ಕೆ ಊರಾಚೆಯ ಇಂಗ್ಲಿಷ್ ಮೀಡಿಯಂ ಹೈಸ್ಕೂಲಿಗೆ ಸೇರಿಸಿದೆವು. ಎಲ್ಲರೂ ಸೇರಿಸುತ್ತಿದ್ದರು, ನಾವೂ ಸೇರಿಸಿದೆವು. ಫೀಸು ನಮ್ಮ ಕೈಗೆ ಮೀರಿದ್ದು. ನನ್ನ ಚೈನು ಅಡವಿಟ್ಟು ಕಟ್ಟಿದ್ದಾಯಿತು.

ಆಗಸ್ಟ್ ಹೊತ್ತಿಗೆ ಹೊಟ್ಟೆನೋವು ಶುರುವಾಯಿತು. ಓಮದ ಕಷಾಯ ಕೊಟ್ಟೆ. ಇಂಗು ತೇದು ಹೊಕ್ಕುಳಿಗೆ ಹಚ್ಚಿದೆ. ಖಾರ ಕಡಿಮೆ ಮಾಡಿ ಮಜ್ಜಿಗೆ ಅನ್ನ ಹಾಕಿದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ನೋವು ಮಾಯ! ಭಾನುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಹಾಜರು. ನನಗಾದರೂ ಏನನ್ನಿಸಬೇಕು? ನಾಟಕ ಎಂದೇ ಅನ್ನಿಸಿತು. ನವೆಂಬರಿನ ಒಂದು ಬೆಳಿಗ್ಗೆ ಅವಳು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಆಚೆ ಬರಲಿಲ್ಲ. ನಾನು ಸಿಟ್ಟಿನಲ್ಲಿ ಕೆನ್ನೆಗೆ ಒಂದು ಕೊಟ್ಟು, "ನಿನಗೋಸ್ಕರ ಎಷ್ಟು ಸುರೀತಿದ್ದೀವಿ ಗೊತ್ತಾ?" ಎಂದು ಬೈದು ಕಳಿಸಿದೆ. ಅವಳು ಅಳಲಿಲ್ಲ. ಚೀಲ ಹೊತ್ತು ಹೋದಳು. ಹತ್ತೂವರೆಗೆ ಶಾಲೆಯಿಂದ ಫೋನು ಬಂತು. ಪ್ರಾರ್ಥನೆಯ ಸಾಲಿನಲ್ಲೇ ವಾಂತಿ ಮಾಡಿಕೊಂಡು ಕುಸಿದಿದ್ದಳು.

ಅವತ್ತು ಅವಳನ್ನು ಕರೆತರುವಾಗ ಆಟೋದಲ್ಲಿ ನನ್ನ ತೋಳಿಗೆ ಒರಗಿಕೊಂಡಿದ್ದ ಆ ಮೈ ಎಷ್ಟು ಹಗುರವಾಗಿತ್ತು ಎಂದರೆ, ಈಗ ನೆನೆದರೂ ನನ್ನ ಹೊಟ್ಟೆಯೇ ಹಿಂಡುತ್ತದೆ.

ಕೇಳಿದರೆ ಹೇಳಲಿಲ್ಲ. "ಏನಾಯ್ತು, ಯಾರೇನಂದ್ರು" ಎಂದು ಎದುರಿಗೆ ಕೂರಿಸಿಕೊಂಡು ಕೇಳಿದಷ್ಟೂ ಬಾಯಿ ಬಿಗಿಯಿತು. ಡಿಸೆಂಬರಿನಲ್ಲಿ ಅವರೆಕಾಯಿ ಬಂತು. ಒಂದು ಸಂಜೆ ಹಿಸುಕಿದ ಬೇಳೆ ಸಾರಿಗೆಂದು ನೆನೆಸಿದ ಕಾಳನ್ನು ಇಬ್ಬರೂ ಕೂತು ಹಿಸುಕುತ್ತಿದ್ದೆವು. ನಾನು ಏನೂ ಕೇಳಲಿಲ್ಲ. ತಲೆ ತಗ್ಗಿಸಿಕೊಂಡು ಕಾಳು ಹಿಸುಕುತ್ತಲೇ ಅವಳಾಗಿಯೇ ಶುರು ಮಾಡಿದಳು. ಕ್ಲಾಸಿನಲ್ಲಿ ಅವಳನ್ನು ಎಬ್ಬಿಸಿ ಇಂಗ್ಲಿಷ್ ಪಾಠ ಓದಿಸುತ್ತಾರಂತೆ. ತಪ್ಪಿದರೆ ಹಾಗೇ ನಿಲ್ಲಿಸಿ, ಮುಂದಿನ ಬೆಂಚಿನವರಿಂದ ಸರಿಯಾಗಿ ಹೇಳಿಸುತ್ತಾರಂತೆ. ಎಲ್ಲರೂ ನಗುತ್ತಾರಂತೆ. ಮಧ್ಯಾಹ್ನ ಊಟಕ್ಕೆ ಯಾರೂ ಪಕ್ಕದಲ್ಲಿ ಕೂರುವುದಿಲ್ಲವಂತೆ.

ನಾನು, "ಮೊದಲೇ ಯಾಕೆ ಹೇಳಲಿಲ್ಲ ಮರೀ?" ಎಂದೆ.

ಅದಕ್ಕೆ ಅವಳು ಕೊಟ್ಟ ಉತ್ತರ ಕೇಳಿ. "ಹೇಗಮ್ಮ ಹೇಳೋದು? ನೀನು ಚೈನು ಅಡ ಇಟ್ಟಿದ್ದೀಯ. ರಾತ್ರಿ ಅಪ್ಪ ನೀನು ಬಡ್ಡಿ ವಿಷಯಕ್ಕೆ ಜಗಳ ಆಡೋದು ನನಗೆ ಕೇಳ್ಸತ್ತೆ. ನನ್ನಿಂದಲೇ ಅಲ್ವಾ?"

ಸೋದರಿಯರೇ, ನಾನು ಶಾಲೆಯನ್ನು ಬೈಯಲು ಸಿದ್ಧಳಾಗಿ ಕೂತಿದ್ದೆ. ಅರ್ಧ ನೋವು ನಮ್ಮ ಮನೆಯ ಗೋಡೆಯೊಳಗಿನಿಂದಲೇ ಬಂದಿತ್ತು. ಮಕ್ಕಳು ಮಲಗಿದರು ಎಂದುಕೊಂಡು ನಾವು ಮಾತಾಡುತ್ತೇವೆ. ಮಕ್ಕಳು ಕಣ್ಣು ಮುಚ್ಚಿರುತ್ತಾರೆ, ಅಷ್ಟೆ.

ಮನಸ್ಸಿನ ನೋವು ಹೊಟ್ಟೆಗೆ ಹೇಗೆ ಬರುತ್ತದೆ?

ಮಗಳನ್ನು ತೋರಿಸಿದ್ದ ಮಕ್ಕಳ ಡಾಕ್ಟರು ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ನಿಮಗೂ ಅದನ್ನೇ ಹೇಳುತ್ತೇನೆ.

ನಮ್ಮ ಕರುಳಿನ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಮಿದುಳಿಗೂ ಕರುಳಿಗೂ ನರಗಳ ಮೂಲಕ ಹಗಲೂ ರಾತ್ರಿ ಮಾತುಕತೆ ನಡೆಯುತ್ತಲೇ ಇರುತ್ತದೆ. ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ಹೆಚ್ಚುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಕರುಳಿನ ಚಲನೆ ಏರುಪೇರಾಗುತ್ತದೆ. ಕೆಲವು ಮಕ್ಕಳ ಕರುಳು ಸ್ವಭಾವತಃ ಸೂಕ್ಷ್ಮ. ಬೇರೆಯವರಿಗೆ ಗೊತ್ತೇ ಆಗದ ಸಣ್ಣ ಹಿಡಿತವೂ ಇವರಿಗೆ ನೋವಾಗಿ ತಿಳಿಯುತ್ತದೆ. ನಮಗೇ ನೋಡಿ, ಗಂಡಿನ ಕಡೆಯವರು ನೋಡಲು ಬಂದ ದಿನ ಹೊಟ್ಟೆಯೊಳಗೆ ಏನಾಗಿತ್ತು ನೆನಪಿದೆಯೇ? ಅದು ಯಾವ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತಿತ್ತು?

ಇದು ಹೊಸ ವಿಷಯವೂ ಅಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ಆಪ್ಲಿ ಎಂಬ ಮಕ್ಕಳ ವೈದ್ಯರು ಜೊತೆಗಾರರೊಂದಿಗೆ 1000 ಶಾಲಾಮಕ್ಕಳನ್ನು ನೋಡಿ 1958ರಲ್ಲಿ ಬರೆದರು. ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಹೀಗೆ ಮತ್ತೆಮತ್ತೆ ಬರುವ ಹೊಟ್ಟೆನೋವಿತ್ತು. ಅಂಥವರಲ್ಲಿ ಹೆಚ್ಚಿನವರಿಗೆ ಹೊಟ್ಟೆಯೊಳಗೆ ಯಾವ ರೋಗವೂ ಸಿಗಲಿಲ್ಲ. ನಮ್ಮ ಬೀದಿಯ ಮಕ್ಕಳೂ ಆ ಊರಿನ ಮಕ್ಕಳೂ ಈ ವಿಷಯದಲ್ಲಿ ಒಂದೇ.

ದೊಡ್ಡವರಿಗೆ ಬೇಸರವಾದರೆ "ನನಗೆ ಬೇಸರವಾಗಿದೆ" ಎನ್ನಲು ಮಾತಿದೆ. ಮಗುವಿಗೆ ಆ ಮಾತು ಇನ್ನೂ ಬಂದಿಲ್ಲ. ಅದರ ಬದಲು ಮೈಯೇ ಮಾತಾಡುತ್ತದೆ. ಸಣ್ಣ ಮಗುವಾದರೆ, ತಮ್ಮನೋ ತಂಗಿಯೋ ಹುಟ್ಟಿದ ಮೇಲೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಬಹುದು. ಶಾಲೆಗೆ ಹೋಗುವ ಮಗುವಾದರೆ ಹೊಟ್ಟೆನೋವು, ತಲೆನೋವು, ಉಗುರು ಕಡಿಯುವುದು, ರಾತ್ರಿ ಬೆಚ್ಚಿ ಏಳುವುದು. ಹದಿಹರೆಯದವರಾದರೆ ಊಟ ಬಿಡುವುದು ಇಲ್ಲವೇ ವಿಪರೀತ ತಿನ್ನುವುದು, ನಿದ್ದೆ ಕೆಡುವುದು, ಉಸಿರು ಕಟ್ಟಿದ ಹಾಗಾಗುವುದು, ಮಾತುಮಾತಿಗೆ ಸಿಡುಕುವುದು, ರೂಮಿನ ಬಾಗಿಲು ಹಾಕಿಕೊಳ್ಳುವುದು. ಇವೆಲ್ಲ ಕೊಬ್ಬು ಅಲ್ಲ. ಓದಲು ಬಂದರೆ ಅವು ಕಾಗದಗಳೇ.

ಮೊದಲು ಮೈ ಪರೀಕ್ಷೆ

ಹಾಗೆಂದು ಎಲ್ಲಾ ಹೊಟ್ಟೆನೋವನ್ನೂ ಮನಸ್ಸಿನ ಲೆಕ್ಕಕ್ಕೆ ಹಾಕಿಬಿಡಬೇಡಿ. ಒಮ್ಮೆ ಡಾಕ್ಟರಿಗೆ ತೋರಿಸಲೇಬೇಕು. ಈ ಕೆಳಗಿನವು ಕಂಡರೆ ತಡ ಮಾಡುವ ಹಾಗೇ ಇಲ್ಲ: ತೂಕ ಇಳಿಯುವುದು, ಬೆಳವಣಿಗೆ ನಿಂತ ಹಾಗೆ ಕಾಣುವುದು, ಬಿಡದ ಜ್ವರ, ಮೇಲಿಂದ ಮೇಲೆ ವಾಂತಿ, ಅದರಲ್ಲೂ ಹಸಿರು ವಾಂತಿ, ಮಲದಲ್ಲಿ ರಕ್ತ, ಉರಿಮೂತ್ರ, ಗಾಢನಿದ್ದೆಯಿಂದ ನೋವು ಎಬ್ಬಿಸುವುದು, ಹೊಕ್ಕುಳಿನಿಂದ ದೂರ, ಅದರಲ್ಲೂ ಬಲಗಡೆಯ ಕೆಳಹೊಟ್ಟೆಯಲ್ಲಿ, ಒಂದೇ ಜಾಗದಲ್ಲಿ ನೋವು ನಿಲ್ಲುವುದು.

ಇನ್ನು ಸಣ್ಣಪುಟ್ಟ ಕಾರಣಗಳೂ ಇವೆ. ಜಂತುಹುಳು ಒಂದು. ಅದಕ್ಕೆ ಶಾಲೆ, ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ನಿಮ್ಮ ಮಗು ಅವತ್ತು ತಪ್ಪಿಸಿಕೊಂಡಿತ್ತೇ ಕೇಳಿ. ತಲೆನೋವಿದ್ದರೆ ಕಣ್ಣು ತೋರಿಸಿ, ಕನ್ನಡಕ ಬೇಕಿರಬಹುದು. ಹೆಣ್ಣುಮಕ್ಕಳಿಗೆ ಸುಸ್ತು, ತಲೆಸುತ್ತು ಇದ್ದರೆ ರಕ್ತಹೀನತೆ ನೋಡಿಸಿ.

ಇನ್ನೊಂದು ಕಾರಣವನ್ನು ನಾವ್ಯಾರೂ ಕೇಳುವುದೇ ಇಲ್ಲ. ಶಾಲೆಯ ಪಾಯಿಖಾನೆ! ಬಾಗಿಲಿಗೆ ಚಿಲಕವಿಲ್ಲ, ನೀರಿಲ್ಲ, ವಾಸನೆ ಎಂದು ಎಷ್ಟೋ ಮಕ್ಕಳು ಬೆಳಿಗ್ಗೆಯಿಂದ ಸಂಜೆವರೆಗೆ ತಡೆದುಕೊಂಡು ಕೂರುತ್ತಾರೆ. ತಡೆಯಬೇಕಾಗುತ್ತದೆ ಎಂದು ನೀರೇ ಕುಡಿಯುವುದಿಲ್ಲ. ಮಲಬದ್ಧತೆಯಾಗಿ ಹೊಟ್ಟೆ ನೋಯದೆ ಇನ್ನೇನಾದೀತು? ನೀರಿನ ಬಾಟಲು ಸಂಜೆ ತುಂಬಿದ ಹಾಗೇ ವಾಪಸ್ಸು ಬರುತ್ತಿದ್ದರೆ ಮೊದಲು ಈ ಪ್ರಶ್ನೆ ಕೇಳಿ.

ಡಾಕ್ಟರು ಒಮ್ಮೆ ಚೆನ್ನಾಗಿ ನೋಡಿ, ಭಯವಿಲ್ಲ ಎಂದಮೇಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಸುತ್ತಬೇಡಿ. ಸುತ್ತಿದಷ್ಟೂ ಮಗುವಿಗೆ ತನಗೇನೋ ದೊಡ್ಡ ಕಾಯಿಲೆ ಎಂಬ ದಿಗಿಲು ಹೆಚ್ಚುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನಂತೂ ನುಂಗಿಸಬೇಡಿ.

ಎಲ್ಲೆಲ್ಲಿ ಹುಡುಕಬೇಕು?

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. ಆದರೆ ಬೆಂಕಿ ಒಂದೇ ಕಡೆ ಇರಬೇಕೆಂದೂ ಇಲ್ಲ.

ಒಂದು, ಶಾಲೆ. ಹೊಡೆತ, ಅವಮಾನ, ಜೊತೆಯವರ ಗೇಲಿ, ಅಡ್ಡಹೆಸರು, ವ್ಯಾನಿನಲ್ಲಿ ದೊಡ್ಡ ಹುಡುಗರ ಕಾಟ. "ದಂಡಂ ದಶಗುಣಂ" ಎಂದು ಬೆಳೆದವರು ನಾವು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ವಿಧಿ ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಕೇಳುವ ಹಕ್ಕು ನಮಗಿದೆ.

ಎರಡು, ಮನೆ. ಗಂಡಹೆಂಡಿರ ಜಗಳ, ಕುಡಿತ, ಸಾಲ, ಮನೆಯಲ್ಲಾದ ಸಾವು, ಅಜ್ಜಿಯ ಕಾಯಿಲೆ. ಜೊತೆಗೆ ನಾವು ಸಲೀಸಾಗಿ ಆಡುವ ಹೋಲಿಕೆ: "ಪಕ್ಕದ ಮನೆಯವಳನ್ನು ನೋಡು, ತೊಂಬತ್ತೈದು ತೆಗೆದಿದ್ದಾಳೆ." ನಮಗೆ ಯಾರಾದರೂ, "ಓರಗಿತ್ತಿಯ ಕೈರುಚಿ ನೋಡು" ಎಂದರೆ ಎಷ್ಟು ದಿನ ನೆನಪಿಟ್ಟುಕೊಳ್ಳುತ್ತೇವೆ ಹೇಳಿ!

ಮೂರು, ನಿದ್ದೆ. ಆರರಿಂದ ಹನ್ನೆರಡು ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹದಿಹರೆಯದಲ್ಲಿ ಮೈಯ ಗಡಿಯಾರವೇ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ನಿದ್ದೆ ತಡವಾಗಿ ಬರುತ್ತದೆ. ಅದರ ಮೇಲೆ ಮೊಬೈಲು ಹಾಸಿಗೆಗೆ ಬಂದರೆ ಮುಗಿಯಿತು. ಬೆಳಿಗ್ಗೆ ಐದಕ್ಕೆ ಟ್ಯೂಷನ್ನಿಗೆ ಎಬ್ಬಿಸುತ್ತೇವೆ. ನಿದ್ದೆಗೆಟ್ಟ ಮಗುವಿಗೆ ಸಣ್ಣ ಮಾತೂ ದೊಡ್ಡ ಗಾಯ.

ನಾಲ್ಕು, ಬೆಳೆಯುವ ಮೈ. ಮೊಡವೆ, ದಪ್ಪ, ಕಪ್ಪು, ಕುಳ್ಳು ಎಂಬ ಮಾತುಗಳು. ಮುಟ್ಟಿನ ದಿನಗಳ ಕಲೆಯ ಭಯ. ದನಿ ಒಡೆಯುವ ಗಂಡುಹುಡುಗರ ಸಂಕೋಚ. ನಾವು ಹೇಳದೇ ಇದ್ದದ್ದನ್ನು ಅವರು ಎಲ್ಲೆಲ್ಲೋ ತಿಳಿದುಕೊಂಡು ಇನ್ನಷ್ಟು ಹೆದರುತ್ತಾರೆ.

ಐದು, ಬಾಯಿಬಿಡಲಾಗದ ಸಂಗತಿ. ಯಾರಾದರೂ ಮಗುವನ್ನು ಮುಟ್ಟಬಾರದ ಹಾಗೆ ಮುಟ್ಟುತ್ತಿರಬಹುದು. ಅವರು ನೆಂಟರೂ ಆಗಿರಬಹುದು. ಮಗು ಇದ್ದಕ್ಕಿದ್ದಂತೆ ಒಬ್ಬರ ಮನೆಗೆ ಹೋಗಲು ಒಲ್ಲೆ ಎಂದರೆ, "ದೊಡ್ಡವರಿಗೆ ಹಾಗನ್ನಬಾರದು" ಎಂದು ತಳ್ಳಿ ಕಳಿಸಬೇಡಿ. ಮಗು ಹೇಳಿದರೆ ನಂಬಿ. ಇಂಥ ಅಪರಾಧಗಳಿಗೆಂದೇ 2012ರಲ್ಲಿ ಪೋಕ್ಸೋ ಕಾಯ್ದೆ ಬಂದಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು.

ಏನು ಮಾಡಬೇಕು?

ಮೊದಲನೆಯದು, "ನಾಟಕ" ಎಂಬ ಮಾತನ್ನು ಮನೆಯಿಂದ ಆಚೆ ಹಾಕಿ. "ನೋಯ್ತಿದೆ ಅಂತ ಗೊತ್ತು ಪುಟ್ಟ, ಬಾ" ಎನ್ನಿ. ಅಷ್ಟಕ್ಕೇ ಅರ್ಧ ನೋವು ಇಳಿಯುವುದನ್ನು ನಾನು ಕಂಡಿದ್ದೇನೆ.

ಎರಡನೆಯದು, ಒಂದು ನೋಟುಬುಕ್ಕು ಇಡಿ. ಹಾಲಿನ ಲೆಕ್ಕ ಬರೆಯುವ ಹಾಗೆಯೇ. ಯಾವ ವಾರ, ಎಷ್ಟು ಗಂಟೆಗೆ ನೋವು ಬಂತು, ಏನು ತಿಂದಿತ್ತು, ಹೊರಕಡೆಗೆ ಹೋಗಿತ್ತೇ, ಅವತ್ತು ಶಾಲೆಯಲ್ಲಿ ಏನಿತ್ತು, ಹಿಂದಿನ ರಾತ್ರಿ ಮನೆಯಲ್ಲಿ ಏನಾಗಿತ್ತು. ಹದಿನೈದು ದಿನ ಬರೆದರೆ ದಾರಿ ಕಾಣುತ್ತದೆ.

ಮೂರನೆಯದು, ಕೈಗೆ ಕೆಲಸ ಕೊಟ್ಟು ಮಾತಿಗೆ ಜಾಗ ಕೊಡಿ. ಎದುರಾ ಎದುರು ಕೂರಿಸಿಕೊಂಡು ವಿಚಾರಣೆ ಮಾಡಿದರೆ ಮಕ್ಕಳು ಬಾಯಿ ಬಿಡುವುದಿಲ್ಲ. ಸೊಪ್ಪು ಬಿಡಿಸುವಾಗ, ಬಟ್ಟೆ ಮಡಿಸುವಾಗ, ತಲೆಗೆ ಎಣ್ಣೆ ಹಚ್ಚುವಾಗ ಪಕ್ಕದಲ್ಲಿರಿ. ಹೇಳಿದರೆ ಮಧ್ಯೆ ಬಾಯಿ ಹಾಕಬೇಡಿ, ತಕ್ಷಣ ಉಪದೇಶ ಮಾಡಬೇಡಿ. "ಆಮೇಲೆ?" ಎನ್ನಿ, ಸಾಕು.

ನಾಲ್ಕನೆಯದು, ಶಾಲೆ ಬಿಡಿಸಿ ದಿನಗಟ್ಟಲೆ ಮನೆಯಲ್ಲಿ ಕೂರಿಸಬೇಡಿ. ಇದು ಮುದ್ದಿನ ತಾಯಂದಿರು ಮಾಡುವ ತಪ್ಪು. ಒಂದು ದಿನ ತಪ್ಪಿದರೆ ಮಾರನೇ ದಿನದ ಭಯ ಎರಡರಷ್ಟಾಗುತ್ತದೆ. ಬೈದು ತಳ್ಳುವುದೂ ಬೇಡ, ಕೂರಿಸಿಕೊಳ್ಳುವುದೂ ಬೇಡ. ಮೇಷ್ಟರಿಗೆ ತಿಳಿಸಿ, ಮೊದಮೊದಲು ಅರ್ಧ ದಿನವಾದರೂ ಸರಿ, ಹೋಗುವ ಹಾಗೆ ಮಾಡಿ. ಮನೆಯಲ್ಲಿ ಉಳಿದ ದಿನ ಟೀವಿ, ಮೊಬೈಲಿನ ಹಬ್ಬವೂ ಆಗಬಾರದು.

ಐದನೆಯದು, ಶಾಲೆಗೆ ಹೋಗುವ ಮುಂಚೆ ಮಗುವನ್ನು ಕೇಳಿ. ನಾವು ಸಿಟ್ಟಿನಲ್ಲಿ ಹೋಗಿ ಗಲಾಟೆ ಮಾಡಿ ಬಂದರೆ ಮಾರನೇ ದಿನ ಆ ಬೆಂಚಿನಲ್ಲಿ ಕೂರಬೇಕಾದವರು ಅವರು. ನಾನು ಹೋದಾಗ ಆ ಮಿಸ್ಸಿಗೆ, "ನನ್ನ ಮಗಳು ಕನ್ನಡ ಮೀಡಿಯಂನಿಂದ ಬಂದವಳು. ಆರು ತಿಂಗಳು ಎಬ್ಬಿಸಿ ಓದಿಸಬೇಡಿ, ಬರೆಸಿ ನೋಡಿ" ಎಂದು ಕೇಳಿಕೊಂಡೆ. ಅವರಿಗೆ ಇಷ್ಟವಾಗಲಿಲ್ಲ, ಮುಖ ಸಿಂಡರಿಸಿದರು. ಆದರೆ ಎಬ್ಬಿಸುವುದನ್ನು ನಿಲ್ಲಿಸಿದರು. ನಮಗೆ ಬೇಕಾದ್ದು ಅಷ್ಟೇ ತಾನೆ?

ಆರನೆಯದು, ಉಸಿರಾಟ. ಹೊಟ್ಟೆ ಹಿಡಿದಾಗ ಮಗುವನ್ನು ಅಂಗಾತ ಮಲಗಿಸಿ, ಅದರ ಕೈಯನ್ನು ಅದರ ಹೊಟ್ಟೆಯ ಮೇಲಿಡಿ. ಮೂಗಿನಿಂದ ನಿಧಾನವಾಗಿ ಎಳೆದು, ಬಿಸಿ ಹಾಲು ಆರಿಸುವಾಗ ಊದುವ ಹಾಗೆ ಬಾಯಿಂದ ಉದ್ದಕ್ಕೆ ಬಿಡಲು ಹೇಳಿ. ಹತ್ತು ಸಲ ಮಾಡಿದರೆ ಬಿಗಿದ ಮೈ ಸಡಿಲವಾಗುತ್ತದೆ. ಜೊತೆಗೆ ನೀವೂ ಮಾಡಿ, ನಮಗೂ ಬೇಕು ಅದು.

ಏಳನೆಯದು ಎಲ್ಲಕ್ಕಿಂತ ಕಷ್ಟದ್ದು. ನಮ್ಮ ಜಗಳ. ಜಗಳವಿಲ್ಲದ ಸಂಸಾರ ಇಲ್ಲ. ಆದರೆ ಮಗು ಕೇಳಿಸಿಕೊಂಡಿದೆ ಎಂದು ಗೊತ್ತಾದರೆ ಸುಮ್ಮನಿರಬೇಡಿ. ನಾನೂ ನಮ್ಮ ಯಜಮಾನರೂ ಮಗಳನ್ನು ಮಧ್ಯೆ ಕೂರಿಸಿಕೊಂಡು ಹೇಳಿದೆವು: "ಸಾಲ ಇರೋದು ನಿಜ. ಅದನ್ನು ತೀರಿಸೋದು ನಮ್ಮ ಕೆಲಸ. ಚೈನು ಇವತ್ತು ಹೋದರೆ ನಾಳೆ ಬರತ್ತೆ. ಇದು ನಿನ್ನಿಂದ ಆಗಿದ್ದಲ್ಲ." ನಮ್ಮ ಯಜಮಾನರು ಮಾತು ಕಡಿಮೆ ಆಡುವವರು. ಅವತ್ತು ಅವರೇ ಮೊದಲು ಮಾತಾಡಿದರು. ನಾನು ಆ ಕೆನ್ನೆಯ ಏಟಿಗೆ ಕ್ಷಮೆ ಕೇಳಿದೆ. ಮಕ್ಕಳ ಹತ್ತಿರ ಕ್ಷಮೆ ಕೇಳಿದರೆ ತಲೆ ಮೇಲೆ ಕೂರುತ್ತಾರೆ ಎನ್ನುತ್ತಾರಲ್ಲ, ಅದು ಸುಳ್ಳು. ತೊಡೆ ಮೇಲೆ ತಲೆಯಿಟ್ಟು ಮಲಗುತ್ತಾರೆ.

ಅತ್ತೆಯವರ ದೃಷ್ಟಿ ತೆಗೆಯುವುದನ್ನೂ ನಾನು ಹಳಿಯುವುದಿಲ್ಲ. ಉಪ್ಪು ಸಿಡಿದದ್ದರಿಂದ ಹೊಟ್ಟೆನೋವು ಹೋಗದಿರಬಹುದು. ಆದರೆ ಅಜ್ಜಿ ಹತ್ತು ನಿಮಿಷ ತನಗೋಸ್ಕರವೇ ಕೂತು, ತಲೆ ಸವರಿ, ಕೆಟ್ಟದ್ದೆಲ್ಲ ಹೋಗಲಿ ಎಂದು ಹರಸಿದ್ದರ ಸುಖ ಮಗುವಿಗೆ ಸಿಗುತ್ತದಲ್ಲ! ಡಾಕ್ಟರಿಗೆ ತೋರಿಸುವುದನ್ನು ಅದು ತಪ್ಪಿಸಬಾರದು, ಅಷ್ಟೆ.

ನಮ್ಮ ಕೈ ಮೀರಿದಾಗ

ಎರಡು ಮೂರು ವಾರ ಹೀಗೆ ಮಾಡಿಯೂ ಮಗು ಶಾಲೆಗೆ ಹೋಗದಿದ್ದರೆ, ಊಟ ನಿದ್ದೆ ಸರಿಹೋಗದಿದ್ದರೆ, ಇಷ್ಟದ ಆಟವೂ ಬೇಡವೆನ್ನುತ್ತಿದ್ದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ, ತಿಳಿದವರ ಸಹಾಯ ಕೇಳಿ. "ನಾನಿಲ್ಲದಿದ್ದರೆ ಎಲ್ಲರಿಗೂ ಆರಾಮು" ಎಂಬಂಥ ಮಾತು ಬಂದರಂತೂ ಅವತ್ತೇ ಕೇಳಿ. ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ ಇದನ್ನು ಹೆಚ್ಚು ಗಮನಿಸಿ. ಎಸ್ಸೆಸ್ಸೆಲ್ಸಿ ಹೋದರೆ ಅದೇ ವರ್ಷ ಮತ್ತೆ ಬರೆಯಬಹುದು, ಮಗು ಹೋದರೆ ಮತ್ತೆ ಬರುವುದಿಲ್ಲ. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಒಳಗಿದ್ದರೆ ಹೊರಗೆ ಬರುತ್ತದೆ. ಅಂಥ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಗೊಬ್ಬರದ ಔಷಧಿ ಎಲ್ಲವನ್ನೂ ಬೀಗದೊಳಗಿಡಿ.

"ಹುಚ್ಚಿನ ಡಾಕ್ಟರ ಹತ್ತಿರ ಹೋದರೆ ಜನ ಏನನ್ನುತ್ತಾರೆ, ನಾಳೆ ಮದುವೆಗೆ ತೊಂದರೆ" ಎಂಬ ಮಾತು ನನಗೂ ಗೊತ್ತು. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದ್ದದ್ದು ಕಂಡಿತು. ಅಂದರೆ ಐವತ್ತು ಮಕ್ಕಳ ಒಂದು ಕ್ಲಾಸಿನಲ್ಲಿ ಮೂರು ನಾಲ್ಕು ಜನ. ಅವರೆಲ್ಲ ಹುಚ್ಚರೇ? ಶೀತಕ್ಕೆ ಔಷಧಿ ಇದ್ದ ಹಾಗೆ ಇದಕ್ಕೂ ದಾರಿಯಿದೆ. ಎಷ್ಟೋ ಸಲ ಮಾತ್ರೆಯೇ ಬೇಕಾಗುವುದಿಲ್ಲ, ಆಪ್ತಸಮಾಲೋಚನೆಯಲ್ಲೇ ಸರಿಹೋಗುತ್ತದೆ.

ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಹದಿಹರೆಯದವರಿಗೆಂದೇ ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ, ಯಾವ ದಿನ ಎಂದು ಹೇಳುತ್ತಾರೆ. ಮನೆ ಬಿಟ್ಟು ಹೋಗಲಾಗದಿದ್ದರೆ 14416ಕ್ಕೆ ಫೋನು ಮಾಡಿ. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡುತ್ತಾರೆ. ಈ ಸಂಖ್ಯೆಯನ್ನು ಗ್ಯಾಸ್ ಸಿಲಿಂಡರಿನ ನಂಬರು ಬರೆದಿಟ್ಟ ಕ್ಯಾಲೆಂಡರಿನ ಪಕ್ಕದಲ್ಲೇ ಬರೆದಿಡಿ.

ಕಾಗದ ಬರೆದ ಸೋದರಿಗೆ ನಾನು ಅಂಚೆಯಲ್ಲಿ ಇದನ್ನೆಲ್ಲ ಚಿಕ್ಕದಾಗಿ ಬರೆದು ಕಳಿಸಿದ್ದೆ. ಮೊನ್ನೆ ಉತ್ತರ ಬಂತು. ನೋಟುಬುಕ್ಕು ಇಟ್ಟರಂತೆ. ನೋವು ಬಂದದ್ದೆಲ್ಲ ಸೋಮವಾರ ಮತ್ತು ಗುರುವಾರ. ಎರಡೂ ದಿನ ಕ್ಲಾಸಿನ ಮುಂದೆ ನಿಂತು ಮಗ್ಗಿ ಒಪ್ಪಿಸಬೇಕು. ಹುಡುಗನಿಗೆ ಹದಿನೇಳರ ಮಗ್ಗಿಯಲ್ಲಿ ನಾಲಿಗೆ ತೊಡರುತ್ತದೆ, ಎಲ್ಲರೂ ನಗುತ್ತಾರೆ. ಮೇಷ್ಟರಿಗೆ ಹೇಳಿದಾಗ ಅವರು ಒಳ್ಳೆಯವರು, ಮೇಜಿನ ಹತ್ತಿರ ಕರೆದು ಒಬ್ಬನಿಂದಲೇ ಹೇಳಿಸಿಕೊಳ್ಳುತ್ತಿದ್ದಾರಂತೆ. "ನೋವು ಪೂರ್ತಿ ಹೋಗಿಲ್ಲ ಅಕ್ಕ, ಆದರೆ ಡಬ್ಬಿ ಖಾಲಿಯಾಗಿ ಬರುತ್ತಿದೆ" ಎಂದು ಬರೆದಿದ್ದಾರೆ. ಡಬ್ಬಿ ಖಾಲಿಯಾಗಿ ಬರುವುದರ ಸಂತೋಷ ತಾಯಂದಿರಿಗೆ ಬಿಡಿಸಿ ಹೇಳಬೇಕೇ?

ನನ್ನ ಮಗಳಿಗೆ ಈಗ ಹತ್ತೊಂಬತ್ತು. ಈಗಲೂ ಪರೀಕ್ಷೆಯ ಹಿಂದಿನ ದಿನ ಅವಳಿಗೆ ಹೊಟ್ಟೆ ಹಿಡಿಯುತ್ತದೆ. ಆದರೆ ಈಗ, "ಅಮ್ಮ, ಹೆದರಿಕೆ ಆಗ್ತಿದೆ" ಎಂದು ಬಾಯಿಬಿಟ್ಟು ಹೇಳುತ್ತಾಳೆ. ಒಂದು ಲೋಟ ಜೀರಿಗೆ ಕಷಾಯ ಮಾಡಿಕೊಡುತ್ತೇನೆ. ಕಷಾಯ ಎಷ್ಟು ಕೆಲಸ ಮಾಡುತ್ತದೋ, ಪಕ್ಕದಲ್ಲಿ ಕೂತದ್ದು ಎಷ್ಟು ಕೆಲಸ ಮಾಡುತ್ತದೋ, ಆ ಲೆಕ್ಕ ನಾನು ಹಾಕಿಲ್ಲ.

ನಾಳೆ ಸೋಮವಾರ ಬೆಳಿಗ್ಗೆ ಆ ಸಣ್ಣ ದನಿ ಕೇಳಿದರೆ, ಒಲೆ ಒಂದು ನಿಮಿಷ ಸಣ್ಣ ಮಾಡಿ ಸೋದರಿಯರೇ. ಉಪ್ಪಿಟ್ಟು ತಳ ಹಿಡಿಯುವುದಿಲ್ಲ. ಮಗುವಿನ ಪಕ್ಕದಲ್ಲಿ ಕೂತು, ಎಲ್ಲಿ ನೋಯುತ್ತಿದೆ ಎಂದು ಕೇಳಿ. ಆಮೇಲೆ ಏನಾಯಿತೆಂದು ನನಗೊಂದು ಕಾಗದ ಬರೆಯುತ್ತೀರಲ್ಲ?